ಗದುಗಿನ ವೀರೇಶ್ವರ ಪುಣ್ಯಾಶ್ರಮ: ಹೊಟ್ಟೆಪಾಡಿನ ವಿದ್ಯೆಯಾಗಿ ಸಂಗೀತ ಕಲಿಸಿದ ಶಾಲೆ

ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬಂದವರ ಅಭಿಪ್ರಾಯಗಳು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತವೆ: ಗದ್ದುಗೆಯ ದರ್ಶನ ಚೆನ್ನಾಗಿ ಆಯಿತು, ಪ್ರಸಾದ ರುಚಿಯಾಗಿತ್ತು. ಎರಡೂ ನಿಜವೇ. ಆದರೆ ಪುಣ್ಯಾಶ್ರಮವನ್ನು ಬರಿಯ ಮಠವೆಂದು ನೋಡಿ ಬಂದವರು ಅದರ ಮುಖ್ಯ ಕೆಲಸವನ್ನೇ ನೋಡದೆ ಬಂದಿರುತ್ತಾರೆ. ಅಂಧ ಮಕ್ಕಳಿಗೆ, ತಂದೆತಾಯಿಗಳಿಲ್ಲದ ಮಕ್ಕಳಿಗೆ, ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೂ ತತ್ವಾರವಿರುವ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸಿ, ಆ ಸಂಗೀತದಿಂದಲೇ ಅವರು ಬಾಳುವಂತೆ ಮಾಡುವ ಶಾಲೆ ಅದು. ಮಠದ ರೂಢಿ, ಆಶ್ರಮದ ಹೆಸರು, ಒಂದು ಕಾಲದ ನಾಟಕ ಕಂಪನಿ, ಇವೆಲ್ಲ ಆ ಶಾಲೆ ನಿಲ್ಲದೆ ನಡೆಯಲೆಂದು ಹುಡುಕಿಕೊಂಡ ದಾರಿಗಳು. ಆದ್ದರಿಂದ ಇಲ್ಲಿ ನಾನು ಅದನ್ನು ಶಾಲೆಯೆಂದೇ ಪರಿಗಣಿಸಿ, ಅಲ್ಲಿ ಏನನ್ನು ಹೇಗೆ ಕಲಿಸಲಾಗುತ್ತದೆ, ಕಲಿತು ಹೊರಬಂದವರ ಸೇವೆ ನಮ್ಮ ಊರುಗಳಿಗೆ ಹೇಗೆ ಒದಗುತ್ತಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಶಾಲೆಯ ಮೂಲ ಗದುಗಿನಲ್ಲಿ ಇಲ್ಲ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಬಾಲಕನಿಗೆ ಕಣ್ಣಿರಲಿಲ್ಲ, ಕಂಠವಿತ್ತು. ಆ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದ ಈ ಸ್ವಾಮಿಗಳು, ಮಠಕ್ಕೆ ಬರುವ ವಟುವಿಗೆ ಶಾಸ್ತ್ರದ ಜೊತೆ ಊರಿಗೆ ಉಪಯೋಗವಾಗುವ ವಿದ್ಯೆಯೂ ಬೇಕೆಂದು ನಂಬಿದ್ದವರು. ಹುಡುಗನ ಮೇಲೆ ಕನಿಕರಪಟ್ಟು ಸುಮ್ಮನಾಗದೆ ಅವನಿಗೆ ಗುರುಗಳನ್ನು ಹುಡುಕಿಕೊಟ್ಟದ್ದು ಅವರ ದೊಡ್ಡತನ. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ತಾಲೀಮು ದೊರೆಯಿತು. ಬಾಲ್ಯದಲ್ಲಿ ಮಲ್ಲಿಕಾರ್ಜುನ ಮನಸೂರರಿಗೆ ಗ್ವಾಲಿಯರ್ ಶೈಲಿಯ ಪಾಠ ಹೇಳಿದವರೂ ಇದೇ ನೀಲಕಂಠಬುವಾ. ಹೀಗೆ ಎರಡೂ ಪದ್ಧತಿಗಳಲ್ಲಿ ಪಳಗಿದ ಗದಿಗೆಯ್ಯ ಮುಂದೆ ಪಂಚಾಕ್ಷರ ಗವಾಯಿಗಳೆಂದು ಹೆಸರಾದರು. 'ಉಭಯಗಾನ ವಿಶಾರದ' ಎಂಬ ಬಿರುದು ಅವರ ಹೆಸರಿನೊಡನೆ ಇಂದಿಗೂ ಬರುತ್ತದೆ.

ಇಷ್ಟು ಕಲಿತವರು ಸಂಸ್ಥಾನವೊಂದರ ಆಶ್ರಯ ಹಿಡಿದು ನೆಮ್ಮದಿಯಾಗಿರಬಹುದಾಗಿತ್ತು. ಗವಾಯಿಗಳು ಹಾಗೆ ಮಾಡದೆ ತಮ್ಮಂತೆಯೇ ಇದ್ದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಹೊರಟರು. ಸಂಚಾರಿ ಸಂಗೀತ ಪಾಠಶಾಲೆಯೆಂದು ಕರೆಯಲಾಗುವ ಈ ವ್ಯವಸ್ಥೆ ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲಕರವಾದ ಭಾಗವೆನಿಸುತ್ತದೆ. ಶಾಲೆಗೆ ಕಟ್ಟಡವಿರಲಿಲ್ಲ, ಉಂಬಳಿಯಿರಲಿಲ್ಲ. ಒಂದು ಊರಿನ ಮಠದಲ್ಲೋ ಗುಡಿಯಲ್ಲೋ ಬಿಡಾರ ಹೂಡುವುದು, ಅಲ್ಲಿ ಪುರಾಣ, ಕೀರ್ತನೆ, ಜಾತ್ರೆಗಳಲ್ಲಿ ಹಾಡುವುದು, ಊರವರು ಕೊಟ್ಟ ಜೋಳ, ಬೇಳೆಗಳಲ್ಲಿ ಹುಡುಗರ ಊಟ ನಡೆಸುವುದು, ಊರಿಗೆ ಭಾರವಾಗುವ ಮೊದಲೇ ಮುಂದಿನ ಊರಿಗೆ ಹೋಗುವುದು. ಮಳೆಯನ್ನೇ ನೆಚ್ಚಿದ ನಮ್ಮ ಬಯಲುಸೀಮೆಯಲ್ಲಿ ಒಂದೇ ಹಳ್ಳಿ ಇಷ್ಟು ಹೊಟ್ಟೆಗಳನ್ನು ವರ್ಷವಿಡೀ ಹೊರಲು ಸಾಧ್ಯವಿರಲಿಲ್ಲವೆಂಬುದು ಈ ತಿರುಗಾಟಕ್ಕೆ ಇದ್ದ ಒಂದು ಕಾರಣವಾದರೆ, ಅದರಿಂದ ಒದಗಿದ ಲಾಭ ಬೇರೆಯೇ ಆಗಿತ್ತು. ಬೆಳಿಗ್ಗೆ ಕಲಿತ ಚೀಜನ್ನು, ಅಂದರೆ ರಾಗದ ಹಾಡನ್ನು, ಹುಡುಗ ಅದೇ ರಾತ್ರಿ ಊರ ಮಂದಿಯ ಎದುರು ಹಾಡಬೇಕಾಗುತ್ತಿತ್ತು. ತಾಳ ತಪ್ಪಿದರೆ ಗುರುಗಳು ಹೇಳುವುದಕ್ಕೆ ಮೊದಲೇ ಭಜನೆಯಲ್ಲಿ ಪಳಗಿದ ರೈತನೊಬ್ಬ ತಲೆಯಾಡಿಸುವುದನ್ನು ನಿಲ್ಲಿಸುತ್ತಿದ್ದ. ಇಂದಿನ ಸಂಗೀತ ಕಾಲೇಜುಗಳು ವರ್ಷಕ್ಕೊಮ್ಮೆ ಏರ್ಪಡಿಸುವ ವಿದ್ಯಾರ್ಥಿ ಗಾಯನಕ್ಕೂ ಈ ನಿತ್ಯಪರೀಕ್ಷೆಗೂ ಇರುವ ಅಂತರ ಸಣ್ಣದಲ್ಲ.

ಅಂಧರ ಶಿಕ್ಷಣದ ಚರಿತ್ರೆಯಲ್ಲಿ ಇದನ್ನು ಇಟ್ಟು ನೋಡಿದರೆ ಅದರ ವಿಶೇಷ ಇನ್ನಷ್ಟು ಸ್ಪಷ್ಟವಾಗುತ್ತದೆ. ವ್ಯಾಲೆಂಟಿನ್ ಆಯುಯಿ ಪ್ಯಾರಿಸ್ಸಿನಲ್ಲಿ 1785ರಲ್ಲಿ ನಡೆಸಲಾರಂಭಿಸಿದ ಅಂಧರ ಶಾಲೆಯಲ್ಲೂ ಸಂಗೀತಕ್ಕೆ ದೊಡ್ಡ ಸ್ಥಾನವಿತ್ತು. ಅಲ್ಲಿ ಕಲಿತ ಲೂಯಿ ಬ್ರೈಲ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, 1829ರಲ್ಲಿ ತಮ್ಮ ಚುಕ್ಕಿ ಲಿಪಿಯನ್ನು ಪ್ರಕಟಿಸಿದಾಗ ಸಂಗೀತವನ್ನು ಬರೆಯುವ ಕ್ರಮವನ್ನೂ ಅದರಲ್ಲಿ ಸೇರಿಸಿದ್ದವರು. ಆದರೆ ಅಲ್ಲಿಯ ಪ್ರಯತ್ನದ ಗುರಿ ಓದು ಬರಹವಾಗಿತ್ತು. ನಮ್ಮಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಒಪ್ಪಿತವಾದದ್ದು 1951ರಲ್ಲಿ. ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದದ್ದು 1944ರಲ್ಲಿ. ಎಂದರೆ ಅವರು ಪಾಠ ಹೇಳಿದ ಅಷ್ಟೂ ಕಾಲ ಅವರ ಕೈಯಲ್ಲಿ ಅಂಥದೊಂದು ಸಾಧನವಿರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ನೆನಪಿಗೆ ಹೋಗುವ ನಮ್ಮ ಹಳೆಯ ಗುರುಶಿಷ್ಯ ಕ್ರಮವೇ ಅವರಿಗೆ ಉಪಕರಣವಾಯಿತು. ಆ ಕ್ರಮದಲ್ಲಿ ಕಣ್ಣಿದ್ದ ಶಿಷ್ಯನಿಗೆ ಕಣ್ಣಿಲ್ಲದವನಿಗಿಂತ ಹೆಚ್ಚಿನ ಅನುಕೂಲವೇನೂ ಇಲ್ಲ ಎಂಬುದನ್ನು ಅವರು ತಮ್ಮ ಅನುಭವದಿಂದಲೇ ಅರಿತಿದ್ದರು.

1940ರ ದಶಕದ ಆರಂಭದಲ್ಲಿ ಈ ತಿರುಗುವ ಶಾಲೆ ಗದುಗಿನಲ್ಲಿ ನೆಲೆಯೂರಿತು. ನೆರವಿಗೆ ನಿಂತ ದಾನಿ ಬಸರಿಗಿಡದ ವೀರಪ್ಪನವರ ಹೆಸರೇ 'ವೀರೇಶ್ವರ' ಎಂಬುದರಲ್ಲಿ ಉಳಿದುಕೊಂಡಿದೆ. ಇಲ್ಲೊಂದು ಸ್ವಾರಸ್ಯವಿದೆ: 1922ರಲ್ಲಿ ಇದೇ ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವನ್ನು ಹುಡುಕುತ್ತ ಹುಡುಗುತನದಲ್ಲೇ ಮನೆ ಬಿಟ್ಟು ಉತ್ತರದ ರೈಲು ಹತ್ತಿದ್ದರು, ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಗುರುವನ್ನು ಹುಡುಕಿಕೊಂಡು ಮಕ್ಕಳು ಗದುಗಿಗೆ ಬರತೊಡಗಿದರು.

ಪಂಚಾಕ್ಷರ ಗವಾಯಿಗಳ ಬಳಿಕ ಶಾಲೆಯ ಹೊಣೆ ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಇವರು 1944ರಿಂದ 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅಂದರೆ 66 ವರ್ಷ, ಒಂದೇ ಸಂಸ್ಥೆಯನ್ನು ನಡೆಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ಹಲವು ವಾದ್ಯಗಳು ಅವರಿಗೆ ವಶವಾಗಿದ್ದವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುರಾಣ, ನಾಟಕ, ಸ್ತೋತ್ರಗಳನ್ನು ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. 2010ರಲ್ಲಿ ಪದ್ಮಭೂಷಣ ಬಂದಾಗ ಅವರ ವಯಸ್ಸು 96ರ ಹತ್ತಿರವಿತ್ತು. ಆದರೆ ಶಾಲೆಯ ದೃಷ್ಟಿಯಿಂದ ಅವರ ಸಾಧನೆಯನ್ನು ನಾನು ಬೇರೆ ಕಡೆ ಕಾಣುತ್ತೇನೆ: ಹಣ ಹುಟ್ಟಿಸುವ ಉಪಾಯವನ್ನೇ ಅವರು ಪಾಠವನ್ನಾಗಿ ಮಾಡಿದರು.

ಆಶ್ರಮದ ಖರ್ಚಿಗಾಗಿ ಅವರು ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವನ್ನು ನಡೆಸಿದರು. ಗರುಡ ಸದಾಶಿವರಾಯರ ಕಂಪನಿಯನ್ನು ಕಂಡಿದ್ದ ಗದುಗಿಗೆ ನಾಟಕವೇನೂ ಹೊಸದಲ್ಲ. ಹೊಸದಾಗಿದ್ದದ್ದು, ಟಿಕೀಟಿನ ದುಡ್ಡು ನೇರವಾಗಿ ವಿದ್ಯಾರ್ಥಿಗಳ ಅನ್ನದ ಪಾತ್ರೆಗೆ ಹೋಗುತ್ತಿದ್ದದ್ದು. ಶರಣರ ಕಥೆಗಳನ್ನು ಗುರುಗಳೇ ನಾಟಕವಾಗಿಸಿದರು. ಕಣ್ಣಿದ್ದ ಹುಡುಗರು ಬಣ್ಣ ಹಚ್ಚಿ ರಂಗಕ್ಕೆ ಇಳಿದರು. ಉಳಿದವರಿಗೆ ಹಾರ್ಮೋನಿಯಂ, ತಬಲಾ, ಹಿನ್ನೆಲೆಯ ಹಾಡು. ಎಲ್ಲ ಮಕ್ಕಳೂ ಖಯಾಲ್ ಹಾಡಿ ಕಛೇರಿ ಗೆಲ್ಲುವಂಥ ಗಾಯಕರಾಗಲು ಸಾಧ್ಯವಿಲ್ಲವೆಂಬ ಕಟುಸತ್ಯವನ್ನು ಯಾವ ಸಂಗೀತಶಾಲೆಯೂ ಬಾಯಿ ಬಿಟ್ಟು ಹೇಳುವುದಿಲ್ಲ. ಈ ಶಾಲೆ ಅದನ್ನು ಒಪ್ಪಿಕೊಂಡು, ಸಾಧಾರಣ ಕಂಠದ ಹುಡುಗನಿಗೂ ಸಾಥಿಯ, ಅಂದರೆ ಪಕ್ಕವಾದ್ಯದ, ಕೆಲಸವೊಂದನ್ನು ಕಲಿಸಿತು. ಭಕ್ತರು ಊರೂರಿನಲ್ಲಿ ಪುಟ್ಟರಾಜರಿಗೆ ನಾಣ್ಯಗಳ ತುಲಾಭಾರ ನಡೆಸುತ್ತಿದ್ದುದನ್ನು ನೋಡಿದವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅದನ್ನು ವೈಭವವೆಂದು ತಿಳಿದು ಮೂಗು ಮುರಿಯುವವರೂ ಇಲ್ಲದಿಲ್ಲ. ತಕ್ಕಡಿಯಲ್ಲಿ ಬಿದ್ದದ್ದು ಆಶ್ರಮದ ದಾಸೋಹಕ್ಕೆ ಹೋಗುತ್ತಿತ್ತೆಂಬುದನ್ನು ಅವರು ಗಮನಿಸಬೇಕು.

ಇನ್ನು ಪಾಠದ ವಿಷಯ. ಆಶ್ರಮದ ಆವರಣದಲ್ಲಿ ಬೆಳಿಗ್ಗೆ ಹೊತ್ತಿಗೆ ಮುಂಚೆ ಹೋದರೆ ಹಲವು ಶ್ರುತಿಗಳು ಒಂದರ ಮೇಲೊಂದು ಬಿದ್ದು ಕೇಳಿಸುತ್ತವೆ. ಹೊಸಬರಿಗೆ ಅದು ಗದ್ದಲ. ಸ್ವಲ್ಪ ಹೊತ್ತು ಕುಳಿತರೆ ಒಬ್ಬ ಖರ್ಜದ, ಅಂದರೆ ಕೆಳಗಿನ ಸಪ್ತಕದ, 'ಸಾ' ಹಿಡಿದು ನಿಂತಿದ್ದಾನೆ, ಇನ್ನೊಬ್ಬ ಸ್ವರಗಳ ಪಲಟೆಗಳನ್ನು ತಿರುವಿಹಾಕುತ್ತಿದ್ದಾನೆ, ಆಚೆ ಮೂಲೆಯಲ್ಲಿ ತೀನತಾಲದ ಠೇಕಾ ನಡೆದಿದೆ ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತದೆ. ನಾನು ಹತ್ತಿರದಿಂದ ನೋಡಿದ ಒಂದು ಪಾಠ ನೆನಪಿನಲ್ಲಿ ಉಳಿದಿದೆ. ಹೊಸದಾಗಿ ಬಂದ ಚಿಕ್ಕ ಹುಡುಗನಿಗೆ ದೊಡ್ಡ ವಿದ್ಯಾರ್ಥಿಯೊಬ್ಬ ತಬಲಾ ಹೇಳಿಕೊಡುತ್ತಿದ್ದ, ಇಬ್ಬರಿಗೂ ದೃಷ್ಟಿಯಿಲ್ಲ. ದೊಡ್ಡವನು ಚಿಕ್ಕವನ ಹಿಂದೆ ಕುಳಿತು, ಅವನ ತೋರುಬೆರಳನ್ನು ತನ್ನ ಬೆರಳಿನ ಕೆಳಗೆ ಇಟ್ಟುಕೊಂಡು, ದಾಯಾದ, ಅಂದರೆ ಬಲಗೈ ತಬಲಾದ, ಅಂಚಿನ ಕಿನಾರಿನಿಂದ ನಡುವಿನ ಕಪ್ಪು ಕರಣೆಯವರೆಗೆ ಮೆಲ್ಲಗೆ ಎಳೆದು ತೋರಿಸಿದ. "ಇಲ್ಲಿ ಹೊಡದ್ರ 'ನಾ', ಇಲ್ಲಿ ಬಂದ್ರ 'ತಿಂ', ಬೆರಳು ಎತ್ತೂದನ್ನ ಮರೀಬ್ಯಾಡ" ಎಂದು ಹೇಳಿ ಕೈ ಬಿಟ್ಟ. ಹುಡುಗ ಹೊಡೆದ, ನಾದ ಬರಲಿಲ್ಲ, ಬರಿಯ ತೊಗಲಿನ ಸದ್ದು ಬಂತು. ಮತ್ತೆ ಬೆರಳು ಹಿಡಿದು ಎಳೆದು ತೋರಿಸಿದ. ಬೈಗುಳವಿಲ್ಲ, ಶಹಬ್ಬಾಸ್‌ಗಿರಿಯೂ ಇಲ್ಲ. ಕಲಿತವನು ಕಲಿಯುವವನಿಗೆ ಹೇಳಿಕೊಡುವ ಈ ಏರ್ಪಾಟಿನಿಂದ ಗುರುಗಳ ಸಂಖ್ಯೆ ಕಡಿಮೆಯಿದ್ದರೂ ಪಾಠ ನಿಲ್ಲುವುದಿಲ್ಲ. ಹೇಳಿಕೊಡುವವನ ಕಲಿಕೆಯೂ ಗಟ್ಟಿಯಾಗುತ್ತದೆ. ನಾನು ಹಿಂದೊಮ್ಮೆ ದುಡ್ಡು ಕಟ್ಟಿ ಸೇರಿದ್ದ ಒಂದು ಆನ್‌ಲೈನ್ ಸಂಗೀತ ತರಗತಿಯಲ್ಲಿ ತಿಂಗಳುಗಟ್ಟಲೆ ಪಿಡಿಎಫ್ ಪುಟಗಳು ಬಂದವು, ನನ್ನ 'ಗಾಂಧಾರ' ಇಳಿಯುತ್ತಿದೆಯೆಂದು ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಶಾಲೆಯ ಬೆಲೆಯನ್ನು ನಿಜವಾಗಿ ಅಳೆಯಬೇಕಾದದ್ದು ಆವರಣದ ಒಳಗೆ ಅಲ್ಲ, ಶ್ರಾವಣ ಮಾಸದಲ್ಲಿ ನಮ್ಮ ಹಳ್ಳಿಗಳ ಮಠಗಳಲ್ಲಿ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಶ್ರಾವಣದಲ್ಲಿ ತಿಂಗಳುದ್ದಕ್ಕೂ ರಾತ್ರಿ ಊಟದ ಹೊತ್ತಿನ ಆಸುಪಾಸಿನಲ್ಲಿ ಪುರಾಣ ನಡೆಯುತ್ತದೆ. ಶಾಸ್ತ್ರಿಗಳೋ ಸ್ವಾಮಿಗಳೋ ಶರಣರೊಬ್ಬರ ಚರಿತ್ರೆಯನ್ನು ಪ್ರವಚನ ಮಾಡುತ್ತಾರೆ. ಅವರ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿ ಮತ್ತು ತಬಲಾದವರು. ಈ ಜೋಡಿ ಎಷ್ಟೋ ಕಡೆ ಪುಣ್ಯಾಶ್ರಮದಲ್ಲಿ ಕಲಿತದ್ದೇ ಆಗಿರುತ್ತದೆ. ಅವರ ಕೆಲಸ ಬರಿಯ ಪ್ರಾರ್ಥನೆ, ಮಂಗಲಗಳಲ್ಲಿ ಮುಗಿಯುವುದಿಲ್ಲ. ಪ್ರವಚನಕಾರರು ಪುರಾಣದ ಷಟ್ಪದಿಯನ್ನು ಎತ್ತಿಕೊಟ್ಟರೆ ಅದಕ್ಕೊಂದು ರಾಗ ಹಚ್ಚಬೇಕು. ಕಥೆಯಲ್ಲಿ ದುಃಖ ಬಂದರೆ ಜೋಗಿಯಾಕ್ಕೋ ಭೈರವಿಗೋ ಹೊರಳಬೇಕು. ಮಂದಿ ತೂಕಡಿಸಿದರೆ ತತ್ವಪದವೊಂದನ್ನು ದ್ರುತದಲ್ಲಿ ಎತ್ತಿ ಎಬ್ಬಿಸಬೇಕು. ಶಾಸ್ತ್ರಿಗಳು ಒಂದು ವಚನದ ಮೊದಲ ಎರಡು ಪದ ಹೇಳಿ ನಿಲ್ಲಿಸಿದರೆ ಉಳಿದದ್ದನ್ನು ಪುಸ್ತಕವಿಲ್ಲದೆ ಪೂರ್ತಿ ಮಾಡಬೇಕು.

ನಮ್ಮ ಊರಿನ ಪುರಾಣಕ್ಕೆ ಬಂದಿದ್ದ ಗವಾಯಿಗಳೊಬ್ಬರನ್ನು ಉದಾಹರಣೆಯಾಗಿ ಹೇಳಬಹುದು. ಬಂದ ಮೊದಲ ಸಂಜೆ ಅವರು ಮಠದ ಹಾರ್ಮೋನಿಯಂನ ಗಾಳಿ ತುಂಬುವ ಭಾತೆಯನ್ನು ಒತ್ತಿ, ಸ್ವರಗಳ ಎಲ್ಲ ಮನೆಗಳ ಮೇಲೂ ಬೆರಳಾಡಿಸಿ, ಮೇಲಿನ ಸಪ್ತಕದ ಒಂದು ಸ್ವರ ಬಿದ್ದಿದೆಯೆಂದು ಹೇಳಿ, "ಇರಲಿ, ಆ ಮನಿಗೆ ಹೋಗೂದಿಲ್ಲ" ಎಂದು ಕರಿ ಎರಡಕ್ಕೆ, ಅಂದರೆ ಎರಡನೆಯ ಕಪ್ಪು ಮನೆಗೆ, ಶ್ರುತಿ ಹಿಡಿದರು. ಇಡೀ ತಿಂಗಳು ಅವರು ಆ ಸ್ವರದ ಬಳಿಗೆ ಹೋಗಲಿಲ್ಲ. ಹಾಡಿನಲ್ಲಿ ಕೊರತೆಯೂ ಕೇಳಿಸಲಿಲ್ಲ. ಊರಿನ ಭಜನಾ ಮಂಡಳಿಯ ಹುಡುಗರಿಗೆ ಮಧ್ಯಾಹ್ನದ ಹೊತ್ತು ಕರೆದು ಕೂಡಿಸಿ ನಾಲ್ಕಾರು ಪದಗಳ ಧಾಟಿಯನ್ನು ತಿದ್ದಿಕೊಟ್ಟರು. ಅದಕ್ಕೆ ಬೇರೆ ಸಂಭಾವನೆ ಕೇಳಲಿಲ್ಲ. ಇಂಥ ಸೇವೆಗೆ ನಾವು ಮಾಡುವ ಏರ್ಪಾಟು ಮಾತ್ರ ನಾಚಿಕೆ ತರುವಂಥದ್ದು: ಮಂಟಪಕ್ಕೂ ದೀಪಾಲಂಕಾರಕ್ಕೂ ಧಾರಾಳವಾಗಿ ಖರ್ಚಾಗುತ್ತದೆ, ಗವಾಯಿಗಳ ಮುಂದಿನ ಮೈಕು ಕುಂಯ್‌ಗುಡುತ್ತಲೇ ಇರುತ್ತದೆ, ಮಹಾಮಂಗಲದ ದಿನ ಅವರ ಕೈಗೆ ಕೊಡುವ ಲಕೋಟೆಯ ಬಗ್ಗೆ ಕಮಿಟಿಯಲ್ಲಿ ಚೌಕಾಶಿ ನಡೆಯುತ್ತದೆ.

ಆಶ್ರಮದ ಹೆಸರನ್ನು ದೂರದೂರಕ್ಕೆ ಒಯ್ದವರ ಬಗ್ಗೆ ಬರೆಯದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಆದರೂ ಅದನ್ನು ಚಿಕ್ಕದಾಗಿಯೇ ಹೇಳುತ್ತೇನೆ, ಏಕೆಂದರೆ ಅವರ ಹೆಸರುಗಳು ಎಲ್ಲರಿಗೂ ಗೊತ್ತು. ಬಸವರಾಜ ರಾಜಗುರು ಅವರು ಪಂಚಾಕ್ಷರ ಗವಾಯಿಗಳ ಬಳಿ ಕಲಿತು, 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಹಾಡಿದಾಗ ತಬಲಾ ಸಾಥಿಗೆ ಗುರುಗಳೇ ಕುಳಿತಿದ್ದರು. ಶಿಷ್ಯನ ಹೆಸರು ಮೇಲೆ ಬರಲಿ ಎಂದು ಗುರು ಪಕ್ಕವಾದ್ಯಕ್ಕೆ ಕೂರುವುದು ಬಹಳ ಮನೆತನಗಳಲ್ಲಿ ಕಾಣುವ ದೃಶ್ಯವಲ್ಲ. ಎಂ. ವೆಂಕಟೇಶ ಕುಮಾರ ಅವರು ಬಳ್ಳಾರಿ ಸೀಮೆಯ ಬಡ ಮನೆಯ ಹುಡುಗ. ಸೋದರಮಾವ, ತೊಗಲುಗೊಂಬೆಯ ಕಲಾವಿದ ಬೆಳಗಲ್ಲು ವೀರಣ್ಣನವರು ಅವರನ್ನು ಪುಟ್ಟರಾಜರ ಬಳಿಗೆ ತಂದು ಬಿಟ್ಟರು. ಅಲ್ಲಿ ಹನ್ನೆರಡು ವರ್ಷ ಇದ್ದು ಕಲಿತ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಇವರಿಬ್ಬರಿಗೂ ದೃಷ್ಟಿದೋಷವಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಧರ ಶಾಲೆಯಾಗಿದ್ದೂ ಅದು ಅಂಧರನ್ನು ಮಾತ್ರ ಒಂದು ಕಡೆ ಕೂಡಿಹಾಕುವ ಶಾಲೆಯಾಗಲಿಲ್ಲ. ಕಾಣುವ ಹುಡುಗ ಕಾಣದವನ ಕೈ ಹಿಡಿದು ಬಾವಿಗೆ, ಊಟಕ್ಕೆ ಕರೆದೊಯ್ದರೆ, ಕಾಣದವನು ಕಾಣುವವನ ತಾಳವನ್ನು ತಿದ್ದುತ್ತಿದ್ದ. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕಲಿಸಬೇಕೆಂದು ಇಂದು ಶಿಕ್ಷಣ ಇಲಾಖೆ ಸುತ್ತೋಲೆಗಳಲ್ಲಿ ಹೇಳುವುದು ಇಲ್ಲಿ ದಾಸೋಹದ ಪಂಕ್ತಿಯಲ್ಲಿ ತಾನಾಗಿ ನಡೆದಿತ್ತು.

ಮೆಚ್ಚುಗೆಯ ಜೊತೆ ಕೆಲವು ಎಚ್ಚರದ ಮಾತುಗಳನ್ನೂ ಹೇಳಬೇಕು. ಮಗುವನ್ನು ಸೇರಿಸಲು ಯೋಚಿಸುತ್ತಿರುವ ತಂದೆತಾಯಿಗಳು ಇಲ್ಲಿಯ ಜೀವಾಳ ಸಂಗೀತವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಂಗೀತದ ಒಲವೇ ಇಲ್ಲದ ಮಗುವಿಗೆ, ಅಥವಾ ಸ್ಕ್ರೀನ್ ರೀಡರ್ ಕಲಿತು ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೆಲಸಕ್ಕೆ ಹೋಗಬೇಕೆಂಬ ಹಂಬಲವಿರುವ ಮಗುವಿಗೆ, ಬೇರೆ ಶಾಲೆಗಳನ್ನೂ ವಿಚಾರಿಸುವುದು ಒಳ್ಳೆಯದು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬೇಗ ಬೇಗ ಮುಗಿಸಿ ಪ್ರಮಾಣಪತ್ರ ಪಡೆಯುವ ಆತುರವಿರುವವರಿಗೂ ಈ ನಿಧಾನದ ತಾಲೀಮು ಹೊಂದಲಾರದು. ಇನ್ನೊಂದು ಚಿಂತೆ ಶಾಲೆಯದಲ್ಲ, ನಮ್ಮದು. ಗವಾಯಿಗಳಿಗೆ ಅನ್ನ ಕೊಡುತ್ತಿದ್ದ ಜಾಗಗಳು ಕಿರಿದಾಗುತ್ತಿವೆ: ಕಂಪನಿ ನಾಟಕಗಳು ಮೊದಲಿನಂತಿಲ್ಲ, ಜಾತ್ರೆಯ ರಾತ್ರಿಗೆ ರಸಮಂಜರಿಯ ತಂಡ ಬರುತ್ತದೆ, ಎಷ್ಟೋ ಮಠಗಳಲ್ಲಿ ಪ್ರಾರ್ಥನೆಯೂ ಪೆನ್‌ಡ್ರೈವಿನಿಂದ ನಡೆಯುತ್ತದೆ. ವಿದ್ಯೆಯನ್ನು ಹೊಟ್ಟೆಪಾಡಿಗೆ ಜೋಡಿಸಿದ್ದೇ ಈ ಶಾಲೆಯ ಹೆಚ್ಚಳವಾದ್ದರಿಂದ, ಊರು ಹಾಡಿಸುವುದನ್ನು ಬಿಟ್ಟರೆ ಅದರ ಬಿಸಿ ಮೊದಲು ತಟ್ಟುವುದೂ ಇಲ್ಲಿಯ ಮಕ್ಕಳಿಗೇ.

ನೋಡಲು ಹೋಗುವವರಿಗೆ: ಹುಬ್ಬಳ್ಳಿಯಿಂದ ಗದುಗಿಗೆ ರೈಲೂ ಬಸ್ಸೂ ಧಾರಾಳವಾಗಿವೆ, ದಾರಿ ಅರವತ್ತು ಕಿಲೋಮೀಟರಿಗಿಂತ ಕಡಿಮೆ. ಇಬ್ಬರು ಗುರುಗಳ ಗದ್ದುಗೆಗಳೂ ಆಶ್ರಮದಲ್ಲಿವೆ. ದಾಸೋಹದಲ್ಲಿ ಅನ್ನ, ಸಾರು, ರೊಟ್ಟಿಯ ಸರಳ ಊಟ, ಹಬ್ಬ ಹರಿದಿನಗಳಲ್ಲಿ ಗೋಧಿ ಹುಗ್ಗಿ. ಹೋಟೆಲಿನ ರುಚಿಯನ್ನು ಹುಡುಕಬಾರದು, ಬಡಿಸುವವರು ಒತ್ತಾಯ ಮಾಡಿದರೆ ಬೇಡವೆನ್ನಲೂಬಾರದು. ಸಂಗೀತ ಕೇಳುವ ಉದ್ದೇಶವಿದ್ದರೆ ಗುರುಗಳ ಪುಣ್ಯಸ್ಮರಣೆಯ ದಿನಗಳನ್ನು, ಅಂದರೆ ಪಂಚಾಕ್ಷರ ಗವಾಯಿಗಳದು ಜೂನ್ ತಿಂಗಳ ಸುಮಾರಿಗೆ, ಪುಟ್ಟರಾಜರದು ಸೆಪ್ಟೆಂಬರಿನ ಸುಮಾರಿಗೆ, ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಹಳೆಯ ವಿದ್ಯಾರ್ಥಿಗಳು ದೂರದೂರಿಂದ ಬಂದು ಗುರುವಿನ ಎದುರು ಒಂದೊಂದು ರಾಗ ಹಾಡಿ ಹೋಗುವ ಅಹೋರಾತ್ರಿ ಸಂಗೀತಕ್ಕೆ ಚಾಪೆ, ಹೊದಿಕೆ ಒಯ್ಯಬೇಕು. ಮಕ್ಕಳ ಹುಟ್ಟುಹಬ್ಬಕ್ಕೆಂದು ಒಂದು ಹೊತ್ತಿನ ಊಟ ಹಾಕಿಸಿ, ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೊರಡುವವರಲ್ಲಿ ನನ್ನದೊಂದು ವಿನಂತಿ ಇದೆ: ಫೋಟೋ ಬಿಟ್ಟು, ಯಾರಾದರೊಬ್ಬ ಹುಡುಗನಿಗೆ "ಏನ್ ಕಲೀಲಿಕತ್ತೀಯಪ್ಪಾ, ಒಂಚೂರು ಹಾಡು" ಎಂದು ಕೇಳಿ, ಅವನು ಮುಗಿಸುವ ತನಕ ಕುಳಿತು ಕೇಳಬೇಕು.

ತಮ್ಮ ಊರಿನ ಪುರಾಣಕ್ಕೆ ಇಲ್ಲಿ ಕಲಿತ ಗವಾಯಿಗಳನ್ನು ಕರೆಸಬೇಕೆನ್ನುವವರು ಶ್ರಾವಣ ಹತ್ತಿರ ಬರುವವರೆಗೆ ಕಾಯಬಾರದು. ಒಳ್ಳೆಯ ಜೋಡಿಗಳಿಗೆ ಕಾರಹುಣ್ಣಿಮೆಯ ಹೊತ್ತಿಗೇ ಊರುಗಳು ಗೊತ್ತಾಗಿಬಿಟ್ಟಿರುತ್ತವೆ. ಗವಾಯಿ, ತಬಲಾ ಇಬ್ಬರನ್ನೂ ಒಟ್ಟಿಗೇ ಕರೆಯಬೇಕು, ತಬಲಾದವರನ್ನು ಊರಿನಲ್ಲೇ ಹೊಂದಿಸುತ್ತೇವೆಂದು ಉಳಿತಾಯ ಮಾಡಬಾರದು. ಸಂಭಾವನೆಯನ್ನು ಮೊದಲೇ ಮಾತಾಡಿ ಅರ್ಧವನ್ನು ಮುಂಗಡವಾಗಿ ಕೊಡಬೇಕು, ಇಳಿದುಕೊಳ್ಳಲು ಮಠಕ್ಕೆ ಹತ್ತಿರದ ಕೋಣೆ ನೋಡಬೇಕು, ಮತ್ತು ಹಾರ್ಮೋನಿಯಂ ಊರಿನದೇ ಆಗಿದ್ದರೆ ಅವರು ಬರುವುದಕ್ಕೆ ಮೊದಲು ರಿಪೇರಿ ಮಾಡಿಸಿ ಇಡಬೇಕು.